ತಾಗಿದ ತಕ್ಷಣ ಸಿಡಿಯೋ ಮೆಷಿನ್ ನಮಗೆ ಬೇಡ



ಬೀನ್ಸ್ ಎಲೆಗೆ ಬಂದಿರೋ ತುಕ್ಕು ರೋಗದ ಬಗ್ಗೆ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ನಾಲ್ಕು ದಿನದಲ್ಲಿ ಮೂರು ಜನ ಫೋನ್ ಮಾಡಿ ಒಂದೇ ಮಾತು ಕೇಳಿದ್ರು. "ಅಣ್ಣ, ಸ್ಪ್ರೇಯರ್ ಬ್ಯಾಟರಿ ನೀವೇ ಕಟ್ಕೋತೀರಂತೆ, ಆ ವೆಲ್ಡಿಂಗ್ ಮೆಷಿನ್ ಎಲ್ಲಿ ಸಿಗುತ್ತೆ, ಲಿಂಕ್ ಕಳಿಸಿ." ಒಬ್ಬರಂತೂ ಸಾರಕ್ಕಿ ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ, ನಾನು ಬೀನ್ಸ್ ಮೂಟೆ ಇಳಿಸ್ತಾ ಇರೋವಾಗಲೇ ಹಿಡ್ಕೊಂಡು ಕೇಳಿದ್ರು. ಮೂರು ಜನಕ್ಕೂ ಲಿಂಕ್ ಕಳಿಸಿಲ್ಲ. ಬೇಜಾರು ಮಾಡ್ಕೋಬೇಡಿ. ಯಾಕೆ ಕಳಿಸಿಲ್ಲ ಅನ್ನೋದನ್ನ ಇಲ್ಲಿ ಉದ್ದಕ್ಕೆ ಬರೀತಾ ಇದ್ದೀನಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಮೊದಲೆಲ್ಲ 12 ವೋಲ್ಟಿನ ಸೀಸದ ಬ್ಯಾಟರಿ ಬರ್ತಿತ್ತು. ಈಗ ಲಿಥಿಯಂ ಬರ್ತಿದೆ. ಪ್ಯಾಕ್ ಬಿಚ್ಚಿದ್ರೆ ಒಳಗೆ ಬೆರಳು ಗಾತ್ರದ ಸೆಲ್ಲುಗಳು ಸಾಲಾಗಿರುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ 18650 ಅಂತ ಹೆಸರು. ರಾಗಿ ಕಾವಲಿಗೆ ಹೋಗುವಾಗ ತಲೆಗೆ ಕಟ್ಟೋ ಟಾರ್ಚಿನಲ್ಲೂ ಬಹಳಷ್ಟು ಅದೇ ಸೆಲ್ಲು. ಬನ್ನೇರುಘಟ್ಟ ಕಾಡಿನ ಅಂಚಿನಲ್ಲಿ ಇರೋ ನಮಗೆ ಕಾರ್ತಿಕ ಮಾಸದಲ್ಲಿ ಆ ಟಾರ್ಚು ಕೈ ಕೊಟ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಆನೆ ಹತ್ತು ಮಾರು ದೂರದಲ್ಲಿ ನಿಂತಿದ್ರೂ ಕತ್ತಲಲ್ಲಿ ಕಾಣಲ್ಲ.

ಪ್ಯಾಕಿನಲ್ಲಿ ಒಂದು ಸೆಲ್ಲು ಸತ್ರೆ ಸಾಕು, ಇಡೀ ಪಂಪು ನಿಂತು ಹೋಗುತ್ತೆ. ಅಂಗಡಿಯವರು ಪ್ಯಾಕ್ ಪೂರ್ತಿ ಬದಲಿಸಿ ಅಂತಾರೆ. ರಿಪೇರಿಗೆ ಬಿಟ್ರೆ ವಾರ. ಅಷ್ಟರಲ್ಲಿ ಬೀನ್ಸಿಗೆ ಔಷಧಿ ಹೊಡೆಯೋ ಹದ ದಾಟಿರುತ್ತೆ. ಹಾಗಾಗಿ ಸತ್ತ ಸೆಲ್ಲು ತೆಗೆದು ಅದೇ ಜಾತಿಯ ಒಳ್ಳೆ ಸೆಲ್ಲು ಹಾಕಿ, ಮೇಲೆ ನಿಕಲ್ ಪಟ್ಟಿ ಬೆಸೆದುಕೊಳ್ಳೋದು ನ್ಯಾಯವಾದ ಕೆಲಸವೇ. ಸಾಲ್ಡರಿಂಗ್ ಕಬ್ಬಿಣದಲ್ಲಿ ಬೆಸೆಯೋಕೆ ಹೋಗಬಾರದು. ಅದು ಕೆಲವು ಸೆಕೆಂಡು ಒಂದೇ ಕಡೆ ಕಾಯಿಸುತ್ತೆ, ಸೆಲ್ಲಿನ ಒಳಗಿರೋ ತೆಳು ಹಾಳೆಗಳು ಹಾಳಾಗುತ್ತವೆ. ಸ್ಪಾಟ್ ವೆಲ್ಡರ್ ಆದ್ರೆ ಎರಡು ತಾಮ್ರದ ಕಡ್ಡಿ ಪಟ್ಟಿ ಮೇಲೆ ಇಟ್ಟು, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಭಾರೀ ಕರೆಂಟು ಹರಿಸುತ್ತೆ. ಭಾರೀ ಅಂದ್ರೆ ಐನೂರು ಆಂಪಿಯರ್‌ಗೂ ಮೇಲೆ. ನಮ್ಮ 5 ಎಚ್‌ಪಿ ಮೋಟಾರು ಒಂದು ಫೇಸಿಗೆ ಎಳೆಯೋದು ಏಳೆಂಟು ಆಂಪಿಯರ್. ಲೆಕ್ಕ ಹಾಕ್ಕೊಳ್ಳಿ.

ಈಗ ನನ್ನ ಕಥೆಗೆ ಬರ್ತೀನಿ. ನಾನೂ ಮೊದಲು ಮೊಬೈಲ್‌ನಲ್ಲಿ ನೋಡಿ ಒಂದು ರೆಡಿ ಬೋರ್ಡು ತರಿಸಿದ್ದೆ. ಅಂಗೈಯಷ್ಟು ಬೋರ್ಡು, ಎರಡು ಕಡ್ಡಿ, ಹಳೇ ಕಾರ್ ಬ್ಯಾಟರಿಗೆ ಸೇರಿಸೋದು. ಅದರಲ್ಲಿ ಒಂದು ಸೌಕರ್ಯ ಅಂತ ದೊಡ್ಡದಾಗಿ ಹಾಕಿದ್ರು: ಆಟೋ ಟ್ರಿಗರ್. ಅಂದ್ರೆ ಎರಡು ಕಡ್ಡಿನೂ ಪಟ್ಟಿಗೆ ತಾಗಿದ್ದು ಅದಕ್ಕೇ ಗೊತ್ತಾಗುತ್ತೆ, ಗೊತ್ತಾದ ಕೂಡಲೇ ಹೊಡೆಯುತ್ತೆ. ಕಾಲು ಬೇಡ, ಸ್ವಿಚ್ಚು ಬೇಡ. ಮೊದಲ ಇಪ್ಪತ್ತು ಬೆಸುಗೆ ಚೆನ್ನಾಗೇ ಬಂತು. ನಮ್ಮ ಮನೆಯವರು "ಪರವಾಗಿಲ್ವೇ, ಕೈ ಕೂತಿದೆ" ಅಂದ್ರು.

ಆಮೇಲೆ ಒಂದು ಸೆಲ್ಲಿನ ಮೇಲೆ ಪಟ್ಟಿ ಸ್ವಲ್ಪ ಜಾರಿತು. ಸರಿ ಮಾಡೋಣ ಅಂತ ಕಡ್ಡಿ ತುದಿಯಿಂದಲೇ ತಳ್ಳಿದೆ. ಒಂದು ಕಡ್ಡಿ ಪಟ್ಟಿಯ ಮೇಲಿತ್ತು, ಇನ್ನೊಂದು ಪಟ್ಟಿಯ ಅಂಚಿಗೆ ಸವರಿತು ಅಷ್ಟೇ. ಒತ್ತಿರಲಿಲ್ಲ, ನಿಲ್ಲಿಸಿರಲಿಲ್ಲ, ಹೊಡೆಯೋ ಉದ್ದೇಶವೇ ನನಗಿರಲಿಲ್ಲ. ಮೆಷಿನ್ನಿಗೆ ಅದೆಲ್ಲ ಏನು ಗೊತ್ತು? ತಾಗಿತು, ಹೊಡೀತು. ಪಟಾಕಿ ಸಿಡಿದ ಹಾಗಾಯ್ತು. ಸೆಲ್ಲಿನ ತಳದಲ್ಲಿ ಸೂಜಿ ತೂತು. ಒಳಗಿಂದ ಸಿಹಿ ಸಿಹಿ ಥಿನ್ನರ್ ತರದ ವಾಸನೆ. ಕೈಗೆ ಬಿಸಿ ಹತ್ತಿತು. ಇಕ್ಕಳದಲ್ಲಿ ಹಿಡಿದು ಹೊರಗೆ ಎಸೆದೆ. ಎಸೆದ ದಿಕ್ಕು ನೋಡಿಲ್ಲ. ರಾಗಿ ಹುಲ್ಲಿನ ಮೆದೆಯಿಂದ ನಾಲ್ಕು ಅಡಿ ಈಚೆ ಬಿತ್ತು. ಅಲ್ಲೇ ಬುಸ್ ಅಂತ ಹೊಗೆ ಬಿಟ್ಟು ಉರೀತು.

ವರ್ಷದ ಹುಲ್ಲು. ಎರಡು ಹಸು, ಒಂದು ಕರು. ಮೆದೆಗೆ ತಾಗಿಕೊಂಡೇ ಕೊಟ್ಟಿಗೆ, ಕೊಟ್ಟಿಗೆಗೆ ತಾಗಿಕೊಂಡು ಮನೆ. ಅವತ್ತು ಗಾಳಿ ಆ ಕಡೆಗೆ ಇರಲಿಲ್ಲ, ಅದೊಂದೇ ಕಾರಣ ನಾನು ಇವತ್ತು ಇದನ್ನ ಸಮಾಧಾನವಾಗಿ ಬರೀತಾ ಇರೋದು. ಬೋರ್ಡು ಮಾಡಿದವರು ಯಾರು, ಮಾರಿದವರು ಯಾರು ಅನ್ನೋದು ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಕೊಟ್ಟಿಗೆ ಪಕ್ಕ ಕೂತು ಮಾಡೋ ಕೆಲಸ ಅಲ್ಲ ಅದು.

ಆದ್ರೆ ಆವತ್ತಿಂದ ನನಗೆ ಒಂದು ವಿಷಯ ಖಚಿತವಾಗಿದೆ, ಅದನ್ನೇ ನಿಮಗೆ ಹೇಳೋದು. ಕಡ್ಡಿ ತಾಗಿದ್ದನ್ನ ಮೆಷಿನ್ನು ಕಂಡು ಹಿಡಿಯಬೇಕು. ಖಂಡಿತ ಹಿಡಿಯಬೇಕು. ಹಾಗೆ ಕಂಡು ಹಿಡಿದದ್ದು ಹೊಡೆಯೋಕೆ ಒಪ್ಪಿಗೆ ಕೊಡಬೇಕೇ ಹೊರತು, ತಾನೇ ಹೊಡೆಯಬಾರದು. ಹೊಡಿ ಅನ್ನೋ ಮಾತು ನಮ್ಮ ಕಾಲಿಂದ ಬರಬೇಕು.

ಇದು ನಮಗೆ ಹೊಸ ವಿಷಯ ಅಲ್ಲ. ನಮ್ಮ ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆ ನೆನಪು ಮಾಡ್ಕೊಳ್ಳಿ. ಅದರಲ್ಲಿ ಪ್ರಿವೆಂಟರ್ ಇರುತ್ತೆ. ಮೂರು ಫೇಸೂ ಸರಿಯಾಗಿ ಇದೆಯಾ ಅಂತ ನೋಡುತ್ತೆ, ಒಂದು ಫೇಸ್ ಇಲ್ಲ ಅಂದ್ರೆ ಮೋಟಾರು ಎತ್ತೋಕೆ ಬಿಡಲ್ಲ. ಇದು ಬೀಗ. ಅದರ ಪಕ್ಕದಲ್ಲೇ ಕೆಲವರು ಆಟೋ ಹಾಕಿಸಿರ್ತೀವಿ. ಕರೆಂಟು ಬಂದ ಕೂಡಲೇ ಮೋಟಾರು ತಾನಾಗೇ ಎತ್ತುತ್ತೆ. ಎರಡೂ ನೋಡೋದು ಒಂದನ್ನೇ, ಕರೆಂಟು ಬಂತಾ ಇಲ್ವಾ ಅಂತ. ಆದ್ರೆ ಪ್ರಿವೆಂಟರ್‌ನಿಂದ ಯಾರಾದ್ರೂ ಸತ್ತಿದ್ದು ಕೇಳಿದ್ದೀರಾ? ಆಟೋದಲ್ಲಿ ಬಿಟ್ಟು ಮೋಟಾರು ವೈರು ಕೈಗೆ ತಗೊಂಡವನ ಪಾಡು ಏನು ಅಂತ ಕೇಳದೇ ಇರೋ ಊರಿಲ್ಲ. ತೆಲಂಗಾಣದಲ್ಲಿ 2018ರ ಜನವರಿಯಿಂದ ರೈತರಿಗೆ 24 ಗಂಟೆ ಕರೆಂಟು ಕೊಟ್ಟಾಗ, ಆಟೋ ಸ್ಟಾರ್ಟರ್ ತೆಗೆದುಬಿಡಿ ಅಂತ ಸರ್ಕಾರವೇ ಕೇಳಿಕೊಂಡಿತ್ತು. ಅವರ ಚಿಂತೆ ಅಂತರ್ಜಲದ್ದು, ನನ್ನ ಚಿಂತೆ ಬೇರೆ, ಆದ್ರೆ ಮೂಲ ಒಂದೇ. ಮನುಷ್ಯ ಎದುರಿಗೆ ಇಲ್ಲದಾಗ ಅಥವಾ ಅವನ ಮನಸ್ಸಿನಲ್ಲಿ ಇಲ್ಲದಾಗ ಕೆಲಸ ಶುರು ಆಗಬಾರದು.

ಆ ಘಟನೆ ಆದ ಮೇಲೆ ಮೂರು ತಿಂಗಳು ನಾನು ಅದರ ಸಹವಾಸಕ್ಕೇ ಹೋಗಲಿಲ್ಲ. ಆಮೇಲೆ ಪಕ್ಕದ ತೋಟದವರ ಮಗ, ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದ್ತಾ ಇರೋನು, ದಿನಾ ಕನಕಪುರ ರೋಡಿನಲ್ಲಿ ಬಸ್ಸು ಹತ್ತಿ ಬನಶಂಕರಿಯಲ್ಲಿ ಇಳಿದು ಜಯನಗರಕ್ಕೆ ಹೋಗೋ ಹುಡುಗ, "ದೊಡ್ಡಪ್ಪ, ನಾವೇ ಒಂದು ಮಾಡೋಣ, ನೀವು ಹೇಳಿದ ಹಾಗೆ" ಅಂದ. ಇಬ್ಬರೂ ಎಸ್‌ಪಿ ರೋಡಿಗೆ ಹೋಗಿ ಸಾಮಾನು ತಂದ್ವಿ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು, ಓಮ್ಸ್ ನಿಯಮ ಅಲ್ಲಿಗೇ ಬಿಟ್ಟಿದ್ದೆ. ಅವನ ಜೊತೆ ಕೂತು ಮತ್ತೆ ಕಲಿತೆ. ಈಗ ನಾನು ಹೇಳೋದು ನನಗೆ ಅರ್ಥ ಆದ ಭಾಷೆಯಲ್ಲಿ.

ಕಾರ್ ಬ್ಯಾಟರಿಯ ಪ್ಲಸ್ ನೇರವಾಗಿ ಒಂದು ಕಡ್ಡಿಗೆ ಹೋಗುತ್ತೆ. ಎರಡನೇ ಕಡ್ಡಿ ಮಾಸ್ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಮೂಲಕ ಮೈನಸ್ಸಿಗೆ. ಸ್ವಿಚ್ಚು ಆಫ್ ಇದ್ದಾಗ ಎರಡನೇ ಕಡ್ಡಿ ಸುಮ್ಮನೆ ನೇತಾಡ್ತಾ ಇರುತ್ತೆ, ಅದರಲ್ಲಿ ಏನೂ ಇಲ್ಲ. ಆ ಎರಡನೇ ಕಡ್ಡಿಯಿಂದ ಮೈನಸ್ಸಿಗೆ ಒಂದು ಸಾವಿರ ಓಮ್‌ನ ಸಣ್ಣ ರೆಸಿಸ್ಟರ್ ಹಾಕಿದ್ದೀವಿ. ಎರಡು ಕಡ್ಡಿನೂ ಪಟ್ಟಿ ಮೇಲೆ ಕೂತರೆ ಪಟ್ಟಿಯ ಮೂಲಕ ಬ್ಯಾಟರಿಯ 12 ವೋಲ್ಟು ಎರಡನೇ ಕಡ್ಡಿಗೂ ಬರುತ್ತೆ. ಕಡ್ಡಿ ಎತ್ತಿದ್ರೆ ಸೊನ್ನೆ. ಇಷ್ಟೇ ವಿದ್ಯೆ. ಆ ವೋಲ್ಟನ್ನ ಎರಡು ರೆಸಿಸ್ಟರ್‌ನಿಂದ (10 ಸಾವಿರ, 4.7 ಸಾವಿರ ಓಮ್) ಐದು ವೋಲ್ಟಿನ ಒಳಗೆ ಇಳಿಸಿ ಆರ್ಡುಯಿನೊ ಅನ್ನೋ ಪುಟ್ಟ ಬೋರ್ಡಿಗೆ ಕೊಡೋದು. ಜೊತೆಗೆ 5.1 ವೋಲ್ಟಿನ ಝೀನರ್ ಹಾಕಿದ್ದೀವಿ. ಐನೂರು ಆಂಪಿಯರ್ ಹರಿಯುತ್ತಿದ್ದ ದಪ್ಪ ವೈರಿನಲ್ಲಿ ಒಮ್ಮೆಲೇ ನಿಲ್ಲಿಸಿದ್ರೆ ವೋಲ್ಟೇಜು ಒದೆಯುತ್ತೆ, ಓಡ್ತಾ ಇರೋ ನೀರಿನ ಪೈಪಿನ ವಾಲ್ವ್ ತಟ್ಟಂತ ಮುಚ್ಚಿದ್ರೆ ಪೈಪು ಗುದ್ದುತ್ತಲ್ಲ, ಹಾಗೆ. ಆ ಗುದ್ದಿಗೆ ಮಾಸ್ಫೆಟ್ ಸಾಯದಿರಲಿ ಅಂತ ಅದಕ್ಕೂ ಒಂದು ರಕ್ಷಣೆಯ ಡಯೋಡು ಇದೆ.

ಸಾವಿರ ಓಮ್ ಯಾಕೆ, ಹತ್ತು ಸಾವಿರ ಯಾಕಲ್ಲ ಅಂತ ನಾನು ಕೇಳಿದೆ. ಹುಡುಗ ನನ್ನ ಕೈ ತೊಳೆಸಿ, ಒದ್ದೆ ಕೈಯಲ್ಲೇ ಎರಡು ಕಡ್ಡಿ ಹಿಡಿಸಿದ. 12 ವೋಲ್ಟು, ಕೈಗೆ ಏನೂ ಆಗಲ್ಲ. ಹತ್ತು ಸಾವಿರ ಹಾಕಿದ್ದಾಗ ಮೀಟರಿನಲ್ಲಿ ಮುಳ್ಳು ಅರ್ಧದ ಹತ್ತಿರ ಎದ್ದಿತು. ಸಾವಿರ ಹಾಕಿದ ಮೇಲೆ ಅಲುಗಿದ್ದೇ ಕಮ್ಮಿ. ಅಂದ್ರೆ ರೆಸಿಸ್ಟರ್ ದೊಡ್ಡದಾದಷ್ಟೂ ಮೆಷಿನ್ನು ಅನುಮಾನದ ಪಿಶಾಚಿ ಆಗುತ್ತೆ, ಬೆವರು ಕೈಯನ್ನೂ ನಿಕಲ್ ಪಟ್ಟಿ ಅಂದ್ಕೊಳ್ಳುತ್ತೆ. ಹೊಲದಿಂದ ಬಂದು ಕೂರೋ ನಮ್ಮಂಥವರ ಕೈ ಯಾವತ್ತೂ ಒದ್ದೇನೇ.

ಇನ್ನೊಂದು ಜಾಣತನ ಅವನು ಮಾಡಿದ್ದು ನನಗೆ ಬಹಳ ಇಷ್ಟ ಆಯ್ತು. ಎರಡನೇ ಕಡ್ಡಿಯ ವೋಲ್ಟು "ಬಂತು" ಅಂದ್ರೆ ಸಾಲದು, ಎಷ್ಟು ಬಂತು ಅಂತ ನೋಡಬೇಕು ಅಂದ. ಬ್ಯಾಟರಿಯ ವೋಲ್ಟನ್ನೂ ಅದೇ ಹೊತ್ತಿಗೆ ಓದಿ ಹೋಲಿಸುತ್ತೆ. ಬ್ಯಾಟರಿ 12.6 ಇದ್ರೆ ಕಡ್ಡಿಯಲ್ಲಿ ಅದರ ನೂರಕ್ಕೆ ತೊಂಬತ್ತೈದಕ್ಕಿಂತ ಕಮ್ಮಿ ಇರಬಾರದು, ನೂರ ಮೂರಕ್ಕಿಂತ ಹೆಚ್ಚೂ ಇರಬಾರದು. ಕಮ್ಮಿ ಸರಿ, ಹೆಚ್ಚು ಹೇಗೆ ಬರುತ್ತೆ ಅಂದೆ. ನೋಡಿ, ಪ್ಯಾಕಿನಲ್ಲಿ ಸೆಲ್ಲುಗಳು ಒಂದು ಮೇಲೆ ಒಂದು ಕೆಳಗೆ ಅಂತ ತಿರುವುಮುರುವು ಕೂತಿರುತ್ತವೆ. ಕೈತಪ್ಪಿ ಒಂದು ಕಡ್ಡಿ ಈ ಸೆಲ್ಲಿನ ಪಟ್ಟಿ ಮೇಲೆ, ಇನ್ನೊಂದು ಪಕ್ಕದ ಸೆಲ್ಲಿನ ಪಟ್ಟಿ ಮೇಲೆ ಕೂತರೆ ಮಧ್ಯೆ ಒಂದು ಸೆಲ್ಲಿನ ನಾಲ್ಕು ವೋಲ್ಟು ಸೇರಿಕೊಳ್ಳುತ್ತೆ. 12.6 ಇರಬೇಕಾದ ಕಡೆ 16 ದಾಟುತ್ತೆ, ಇಲ್ಲ ತಿರುಗಿ ಇಟ್ಟಿದ್ರೆ ಎಂಟು ಚಿಲ್ಲರೆಗೆ ಇಳಿಯುತ್ತೆ. ಅವಾಗ ಹೊಡೆದ್ರೆ ಇಡೀ ಕರೆಂಟು ಆ ಸೆಲ್ಲಿನ ಹೊಟ್ಟೆಯೊಳಗಿಂದ ಹೋಗುತ್ತೆ. ನನ್ನ ಹಳೇ ಬೋರ್ಡು ಅದನ್ನೂ "ತಾಗಿತು" ಅಂತಲೇ ತಿಳೀತಿತ್ತು. ಇದು ಕೆಂಪು ದೀಪ ಹಾಕಿ ಬೀಪ್ ಅನ್ನುತ್ತೆ, ಹೊಡೆಯಲ್ಲ.

ಆಮೇಲಿನ ಕ್ರಮ ಹೀಗಿದೆ. ವೋಲ್ಟು ಆ ಮಿತಿಯೊಳಗೆ ಅರ್ಧ ಸೆಕೆಂಡು ಅಲುಗದೆ ನಿಲ್ಲಬೇಕು. ನಡುವೆ ಒಮ್ಮೆ ಕಡ್ಡಿ ಮಿಸುಕಿದ್ರೆ ಲೆಕ್ಕ ಮತ್ತೆ ಸೊನ್ನೆಯಿಂದ. ನಿಂತರೆ ಹಸಿರು ದೀಪ. ಹಸಿರು ಬಂದ ಮೇಲೆ ಮೂರು ಸೆಕೆಂಡಿನೊಳಗೆ ನಾನು ಕಾಲಿನ ಪೆಡಲ್ ಒತ್ತಿದ್ರೆ ಮಾತ್ರ ಹೊಡೆಯುತ್ತೆ. ಒತ್ತಲಿಲ್ಲ ಅಂದ್ರೆ ಒಪ್ಪಿಗೆ ವಾಪಸ್. ಒಂದು ಸಲ ಹೊಡೆದ ಮೇಲೆ, ಎರಡು ಕಡ್ಡಿನೂ ಎತ್ತಿ ಸೊನ್ನೆ ಕಾಣೋವರೆಗೂ ಎರಡನೇ ಸಲ ಹೊಡೆಯಲ್ಲ, ಪೆಡಲ್ ಮೇಲೆ ನಿಂತು ಕುಣಿದ್ರೂ ಹೊಡೆಯಲ್ಲ. ಪೆಡಲ್ಲು ಅಂದ್ರೆ ದೊಡ್ಡದೇನಲ್ಲ, ಎರಡು ಹಲಗೆ ನಡುವೆ ಕಾಲಿಂಗ್ ಬೆಲ್ ಸ್ವಿಚ್ಚು.

ಇಲ್ಲಿವರೆಗೂ ಓದಿದವರು ಕೇಳಬಹುದು, ಇಷ್ಟೆಲ್ಲಾ ಚೆಕ್ ಮಾಡೋದಾದ್ರೆ ಆಟೋ ಬಿಟ್ರೆ ತಪ್ಪೇನು ಅಂತ. ಸಾರಕ್ಕಿಯಲ್ಲಿ ಸಿಕ್ಕವರೂ ಅದೇ ವಾದ ಮಾಡಿದ್ರು. ಎರಡು ಕೈಯಲ್ಲೂ ಕಡ್ಡಿ ಇರುತ್ತೆ, ಪೆಡಲ್ ಒತ್ತೋಕೆ ಕಾಲು ಹುಡುಕುವಾಗ ಮೈ ಅಲುಗುತ್ತೆ, ಬೆಸುಗೆ ಕೆಡುತ್ತೆ, ಆಟೋ ಆದ್ರೆ ಎಲ್ಲ ಒಂದೇ ಸಮ ಬರುತ್ತೆ ಅಂತ. ಸುಳ್ಳಲ್ಲ. ದಿನಕ್ಕೆ ನೂರಾರು ಬೆಸುಗೆ ಹಾಕೋನಿಗೆ, ಸೆಲ್ಲನ್ನ ಅಚ್ಚಿನಲ್ಲಿ ಕೂರಿಸಿ ಕೆಲಸ ಮಾಡೋನಿಗೆ ಆಟೋ ಸರಿ ಹೋಗುತ್ತೆ. ನಾವು ಆರು ತಿಂಗಳಿಗೊಮ್ಮೆ ಕೂರೋರು. ಪಕ್ಕದಲ್ಲಿ ಕರು ಅಂಬಾ ಅನ್ನುತ್ತೆ, ಮೊಮ್ಮಗ ಬಂದು ಹೆಗಲ ಮೇಲೆ ಬೀಳ್ತಾನೆ, ಫೋನ್ ಬರುತ್ತೆ. ನಮ್ಮ ಕೆಲಸದ ಜಾಗ ಕಾರ್ಖಾನೆ ಅಲ್ಲ.

ಮತ್ತೆ ಒಂದು ಮುಖ್ಯ ವಿಷಯ ಇದೆ, ಅದನ್ನ ಯಾವ ವಿಡಿಯೋದವರೂ ಬಿಡಿಸಿ ಹೇಳಿದ್ದು ನಾನು ನೋಡಿಲ್ಲ. ತಾಗೋದು ಬೇರೆ, ಒತ್ತೋದು ಬೇರೆ. ಹುಡುಗ ಲೆಕ್ಕ ಹಾಕಿ ತೋರಿಸಿದ. ನಮ್ಮ ಸರ್ಕ್ಯೂಟು ನೂರಕ್ಕೆ ತೊಂಬತ್ತೈದು ವೋಲ್ಟು ಬಂದ್ರೆ ಒಪ್ಪುತ್ತೆ. ಕಡ್ಡಿಗೂ ಪಟ್ಟಿಗೂ ನಡುವೆ ಐವತ್ತು ಓಮ್ ತಡೆ ಇದ್ರೂ ಅಷ್ಟು ವೋಲ್ಟು ಬಂದುಬಿಡುತ್ತೆ. ಆದ್ರೆ ಐನೂರು ಆಂಪಿಯರ್ ಸರಾಗವಾಗಿ ಹರಿಯಬೇಕು ಅಂದ್ರೆ ಅಲ್ಲಿ ಇರಬೇಕಾದ ತಡೆ ಒಂದು ಓಮ್‌ನ ಸಾವಿರದ ಕೆಲವು ಪಾಲು ಮಾತ್ರ. ಎಲ್ಲಿ ಐವತ್ತು, ಎಲ್ಲಿ ಸಾವಿರದಲ್ಲಿ ಒಂದೆರಡು! ಅಂದ್ರೆ ಈ ಸಣ್ಣ ಕರೆಂಟಿನ ಪರೀಕ್ಷೆ "ಮುಟ್ಟಿದೆ" ಅಂತ ಹೇಳಬಹುದು, "ಚೆನ್ನಾಗಿ ಕೂತಿದೆ" ಅಂತ ಹೇಳೋ ಯೋಗ್ಯತೆ ಅದಕ್ಕಿಲ್ಲ.

ಚೆನ್ನಾಗಿ ಕೂರದೇ ಇದ್ರೆ ಏನಾಗುತ್ತೆ? ಕರೆಂಟು ಹರಿಯೋ ದಾರಿಯಲ್ಲಿ ತಡೆ ಎಲ್ಲಿ ಹೆಚ್ಚೋ ಅಲ್ಲೇ ಬಿಸಿ ಹೆಚ್ಚು. ಕಡ್ಡಿಯನ್ನ ಗಟ್ಟಿಯಾಗಿ ಒತ್ತಿದ್ರೆ ಕಡ್ಡಿ ಮತ್ತು ಪಟ್ಟಿ ನಡುವಿನ ತಡೆ ಕಮ್ಮಿ ಆಗಿ, ಪಟ್ಟಿ ಮತ್ತು ಸೆಲ್ಲಿನ ನಡುವೆ ಬಿಸಿ ಹುಟ್ಟುತ್ತೆ. ಅದೇ ನಮಗೆ ಬೇಕಾದ್ದು. ಹಗುರವಾಗಿ ತಾಗಿದ್ರೆ ಕಡ್ಡಿಯ ತುದಿಯಲ್ಲೇ ಬಿಸಿ, ಅಲ್ಲೇ ಕಿಡಿ, ಅಲ್ಲೇ ತೂತು. ನನ್ನ ಸೆಲ್ಲಿಗೆ ಆಗಿದ್ದು ಇದೇ. ಸೆಲ್ಲಿನ ತಗಡು ಕಾಲು ಮಿಲಿಮೀಟರ್ ಆಸುಪಾಸು, ಅದೆಷ್ಟು ತಡೆಯುತ್ತೆ.

ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡೋ ನಮ್ಮ ಭಾವಮೈದನ ಹತ್ರ ಇದನ್ನ ಹೇಳಿದೆ. ಅವನು ನಕ್ಕುಬಿಟ್ಟ. ಕಾರಿನ ಮೈಯೆಲ್ಲ ಸ್ಪಾಟ್ ವೆಲ್ಡಿಂಗೇ ಅಂತೆ. ಅಲ್ಲಿ ಗನ್ನು ತಗಡನ್ನ ಎರಡೂ ಕಡೆಯಿಂದ ಮೊದಲು ಒತ್ತಿ ಹಿಡಿಯುತ್ತೆ, ಒತ್ತಡ ಪೂರ್ತಿ ಕೂತ ಮೇಲೆ ಕರೆಂಟು, ಕರೆಂಟು ನಿಂತ ಮೇಲೂ ಬೆಸುಗೆ ಆರೋವರೆಗೂ ಹಿಡಿದಿರುತ್ತೆ. ಒತ್ತೋ ಹೊತ್ತು, ಬೆಸೆಯೋ ಹೊತ್ತು, ಹಿಡಿಯೋ ಹೊತ್ತು ಅಂತ ಮೂರೂ ಬೇರೆ ಬೇರೆ ಲೆಕ್ಕ. ಕರೆಂಟು ಹರಿಸಿ ಒತ್ತಿ ಬೆಸೆಯೋ ಈ ವಿದ್ಯೆಗೆ ಅಮೆರಿಕದ ಎಲಿಹು ಥಾಮ್ಸನ್ ಅನ್ನೋರು 1886ರಲ್ಲೇ ಪೇಟೆಂಟ್ ತಗೊಂಡಿದ್ರು. ನೂರ ಮೂವತ್ತು ವರ್ಷಕ್ಕೂ ಹಳೇ ವಿದ್ಯೆ. ಒತ್ತದೆ ಬೆಸೆಯೋಕಾಗಲ್ಲ ಅನ್ನೋದು ಅವತ್ತಿಂದ ಗೊತ್ತಿರೋದೇ. ಅದನ್ನ ಅಂಗೈಯಗಲದ ಬೋರ್ಡು ಮಾಡೋರು ಮರೆತರು, ಕೊಂಡ ನಾನೂ ಕೇಳಲಿಲ್ಲ.

ಹಾಗಾಗಿ ನಾವು ಎರಡು ಕೆಲಸ ಮಾಡಿದ್ವಿ. ಕಡ್ಡಿಗಳನ್ನ ಕೈಯಲ್ಲಿ ಹಿಡಿಯೋದು ಬಿಟ್ಟು, ಒಂದು ಮರದ ತೋಳಿಗೆ ಎರಡನ್ನೂ ಅಕ್ಕಪಕ್ಕ ಕೂರಿಸಿ ಒಂದೊಂದಕ್ಕೂ ಸ್ಪ್ರಿಂಗು ಹಾಕಿದ್ವಿ. ತೋಳು ಇಷ್ಟು ಇಳಿದ್ರೆ ಮಾತ್ರ ಒತ್ತಿಕೊಳ್ಳೋ ಹಾಗೆ ಪಕ್ಕದಲ್ಲಿ ಒಂದು ಮೈಕ್ರೋ ಸ್ವಿಚ್ಚು. ಈಗ ಒಪ್ಪಿಗೆಗೆ ಎರಡು ಸಾಕ್ಷಿ ಬೇಕು. ವೋಲ್ಟು ನೋಡಿ ತಾಗಿದೆ ಅನ್ನೋದು ಒಂದು, ಸ್ಪ್ರಿಂಗು ಇಳಿದು ಒತ್ತಿದೆ ಅನ್ನೋದು ಇನ್ನೊಂದು. ಎರಡನೇದು, ಒಂದೇ ಏಟಿಗೆ ಹೊಡೆಯೋದು ಬಿಟ್ವಿ. ಮೊದಲು ಎರಡು ಮಿಲಿಸೆಕೆಂಡಿನ ಸಣ್ಣ ಏಟು. ಅದು ಪಟ್ಟಿ ಮೇಲಿನ ಜಿಡ್ಡು, ಕಿಲುಬು ಸುಟ್ಟು ಪಟ್ಟಿಯನ್ನ ಸೆಲ್ಲಿಗೆ ಕೂರಿಸುತ್ತೆ. ಒಂಚೂರು ಬಿಟ್ಟು ಎಂಟು ಮಿಲಿಸೆಕೆಂಡಿನ ದೊಡ್ಡ ಏಟು. ಇದು 0.15 ಮಿಲಿಮೀಟರ್ ಪಟ್ಟಿಗೆ, ನಮ್ಮ ಬ್ಯಾಟರಿಗೆ, ನಮ್ಮ ವೈರಿಗೆ ಕೂತ ಲೆಕ್ಕ. ನಿಮ್ಮದಕ್ಕೆ ಬೇರೆ ಆಗುತ್ತೆ, ಇದನ್ನೇ ಹಾಕಬೇಡಿ. ಸತ್ತು ಪೂರ್ತಿ ಖಾಲಿಯಾದ ಸೆಲ್ಲಿನ ಮೇಲೆ ಹಾಕಿ, ಇಕ್ಕಳದಲ್ಲಿ ಪಟ್ಟಿ ಕಿತ್ತು ನೋಡಿ. ಸಲೀಸಾಗಿ ಎದ್ದು ಬಂದ್ರೆ ಏಟು ಸಾಲದು. ಪಟ್ಟಿ ಹರಿದು ಎರಡು ಚುಕ್ಕೆ ಸೆಲ್ಲಿನ ಮೇಲೇ ಉಳಿದ್ರೆ ಸರಿ. ತೂತು ಬಿದ್ರೆ ಜಾಸ್ತಿ ಆಯ್ತು.

ಪಟ್ಟಿ ಬಗ್ಗೆ ಒಂದು ಮಾತು ಸೇರಿಸ್ತೀನಿ, ಮೋಸ ಹೋಗಬೇಡಿ. ನಿಕಲ್ ಅಂತ ಹೇಳಿ ನಿಕಲ್ ಬಳಿದ ಕಬ್ಬಿಣ ಕೊಡ್ತಾರೆ. ಅಯಸ್ಕಾಂತ ಹಿಡಿದು ನೋಡಿ ಪ್ರಯೋಜನ ಇಲ್ಲ, ಎರಡೂ ಅಂಟುತ್ತೆ. ಮರಳು ಕಾಗದದಲ್ಲಿ ಉಜ್ಜಿ ಎರಡು ದಿನ ಉಪ್ಪು ನೀರಲ್ಲಿ ಬಿಡಿ, ತುಕ್ಕು ಬಂದ್ರೆ ಕಬ್ಬಿಣ.

ಹಳೇ ಮೈಕ್ರೋವೇವ್ ಓವನ್ ಬಿಚ್ಚಿ ಅದರ ಟ್ರಾನ್ಸ್‌ಫಾರ್ಮರ್‌ನಲ್ಲಿ ವೆಲ್ಡರ್ ಮಾಡೋರಿಗೆ ವಿಶೇಷವಾಗಿ ಹೇಳಬೇಕು. ಜೆ.ಪಿ. ನಗರ, ಬಿಟಿಎಂ ಅಪಾರ್ಟ್‌ಮೆಂಟಿನಿಂದ ಗುಜರಿಗೆ ಬರೋ ಓವನ್ನು ಅಗ್ಗಕ್ಕೆ ಸಿಗುತ್ತೆ ಅಂತ ನಮ್ಮ ಕಡೆ ಇದರ ಹುಚ್ಚು ಶುರುವಾಗಿದೆ. ಅದರಲ್ಲಿ ನಾನು ಮೇಲೆ ಹೇಳಿದ ತಾಗಿದ್ದು ಹಿಡಿಯೋ ವಿದ್ಯೆ ನಡೆಯೋದೇ ಇಲ್ಲ. ಯಾಕಂದ್ರೆ ಎರಡು ಕಡ್ಡಿನೂ ದಪ್ಪ ವೈರಿನ ಸುತ್ತಿನ ಮೂಲಕ ಒಳಗೇ ಸೇರಿಕೊಂಡಿರುತ್ತವೆ. ಗಾಳಿಯಲ್ಲಿ ಹಿಡಿದು ಮೀಟರ್ ಇಟ್ರೂ ಬೀಪ್ ಅನ್ನುತ್ತೆ. ಮೆಷಿನ್ನಿಗೆ ಯಾವಾಗಲೂ ತಾಗಿದ ಹಾಗೇ ಕಾಣುತ್ತೆ. ಅದಕ್ಕೆ ಸ್ಪ್ರಿಂಗಿನ ಸ್ವಿಚ್ಚು ಒಂದೇ ದಾರಿ. ಅದಕ್ಕಿಂತ ಹೆಚ್ಚಾಗಿ, ಆ ಓವನ್ನಿನ ಒಳಗೆ ಒಂದು ಕೆಪಾಸಿಟರ್ ಇರುತ್ತೆ, ಪ್ಲಗ್ ಕಿತ್ತ ಮೇಲೂ ಎರಡು ಸಾವಿರ ವೋಲ್ಟಿನ ಹತ್ತಿರ ಹಿಡಿದಿಟ್ಟುಕೊಂಡಿರಬಹುದು. ಗೊತ್ತಿಲ್ಲದೆ ಕೈ ಇಟ್ರೆ ಎದ್ದೇಳೋದಿಲ್ಲ. ದಯವಿಟ್ಟು ಆ ತಂಟೆಗೆ ಹೋಗಬೇಡಿ. ಮಕ್ಕಳು ಮಾಡ್ತೀವಿ ಅಂದ್ರೆ ಬೈದು ಕಳಿಸಿ.

ನಮ್ಮ ಮೆಷಿನ್ನು ಬಹಳ ಒಳ್ಳೇದು ಅಂತ ಜಂಬ ಕೊಚ್ಚೋದಕ್ಕೆ ಇದನ್ನ ಬರೀತಿಲ್ಲ. ಅದಕ್ಕೂ ಒಂದು ದೊಡ್ಡ ಕುರುಡು ಇದೆ. ಮಾಸ್ಫೆಟ್ ಸುಟ್ಟರೆ ಸಾಮಾನ್ಯವಾಗಿ ಆನ್ ಆಗೇ ಸಾಯುತ್ತೆ. ಆಮೇಲೆ ಕಡ್ಡಿ ತಾಗಿದ ಕ್ಷಣದಿಂದ ಕರೆಂಟು ಹರೀತಾನೇ ಇರುತ್ತೆ, ಹಸಿರು ದೀಪವೂ ಇಲ್ಲ, ಪೆಡಲ್ಲೂ ಇಲ್ಲ, ಕಡ್ಡಿ ಎತ್ತೋವರೆಗೂ ನಿಲ್ಲಲ್ಲ. ಕಡ್ಡಿ ಎತ್ತಿದಾಗ ಎರಡನೇ ಕಡ್ಡಿ ಹೇಗಿದ್ರೂ ಸೊನ್ನೆ ತೋರಿಸುತ್ತೆ, ಹಾಗಾಗಿ ನಮ್ಮ ಸರ್ಕ್ಯೂಟಿಗೆ ಅದು ಸುಟ್ಟಿದೆ ಅಂತ ಮುಂಚೆ ಗೊತ್ತಾಗಲ್ಲ. ಅದಕ್ಕೆ ಪ್ರತಿ ಸಲ ಕೂರೋ ಮುಂಚೆ, ಬ್ಯಾಟರಿ ಕ್ಲಿಪ್ಪು ಹಾಕದೆ, ಎರಡನೇ ಕಡ್ಡಿಗೂ ಮೈನಸ್ಸಿಗೂ ಮೀಟರ್ ಇಡ್ತೀನಿ. ಒಂಬೈನೂರು ಚಿಲ್ಲರೆ ಓಮ್ ತೋರಿಸಿದ್ರೆ ಸರಿ. ಬೀಪ್ ಅಂದ್ರೆ ಅವತ್ತಿನ ಕೆಲಸ ಬಂದ್. ಬ್ಯಾಟರಿಯ ಕ್ಲಿಪ್ಪು ಬೋಲ್ಟು ಹಾಕಿ ಬಿಗಿಯಲ್ಲ, ಒಂದೇ ಎಳೆತಕ್ಕೆ ಬರೋ ಹಾಗೆ ಬಿಟ್ಟಿರ್ತೀನಿ. ಎರಡು ತಿಂಗಳ ಹಿಂದೆ ಒಂದು ಸಲ ಬೀಪ್ ಅಂದೇಬಿಟ್ಟಿತ್ತು. ಮೀಟರ್ ಇಡದೆ ಕೂತಿದ್ರೆ ಇನ್ನೊಂದು ಸೆಲ್ಲು ಹೋಗ್ತಿತ್ತು, ಏನೇನು ಹೋಗ್ತಿತ್ತೋ.

ಮಿಕ್ಕ ಜಾಗ್ರತೆ ನಿಮಗೂ ಹೊಳೆಯುತ್ತೆ. ಕೈಯಲ್ಲಿ ಉಂಗುರ, ಬೆಳ್ಳಿ ಕಡಗ ಬೇಡ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಓದೋ ಕನ್ನಡಕ ಆದ್ರೂ ಸರಿ, ಬರಿಗಣ್ಣು ಬೇಡ. ಒಂದು ಬಕೆಟ್ ಮರಳು, ಒಂದು ಡ್ರಮ್ ನೀರು ಹತ್ತಿರ ಇರಲಿ. ಮರಳು ಬೆಂಕಿ ಹರಡದ ಹಾಗೆ ಹಿಡಿಯುತ್ತೆ, ಸೆಲ್ಲಿನ ಕಾವು ಇಳಿಸೋದು ನೀರೇ, ಅದೂ ಚೊಂಬಿನಲ್ಲಿ ಅಲ್ಲ, ಬಕೆಟ್ಟುಗಟ್ಟಲೆ. ಹೊಗೆ ಬಂದ್ರೆ ದೂರ ಓಡಿ, ಆ ಹೊಗೆ ವಿಷ. ಸತ್ತ ಸೆಲ್ಲನ್ನ ತಿಪ್ಪೆಗೆ ಹಾಕಬೇಡಿ, ಒಲೆಗಂತೂ ಬೇಡವೇ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡಿಸೋ ಹೊಣೆ ಬ್ಯಾಟರಿ ತಯಾರಿಸೋ ಕಂಪನಿಗಳದ್ದು. ಹೊಸ ಸ್ಪ್ರೇಯರ್ ತಗೊಳ್ಳುವಾಗಲೇ ಹಳೇದು ವಾಪಸ್ ತಗೋತೀರಾ ಅಂತ ಕೇಳಿ. ಕೇಳಿದ್ರೆ ತಾನೇ ಅವರಿಗೂ ಅಭ್ಯಾಸ ಆಗೋದು.

ಈಗ ಫೋನ್ ಮಾಡಿದ ಮೂರು ಜನಕ್ಕೆ ನನ್ನ ಉತ್ತರ. ಮನೆಗೊಂದು ವೆಲ್ಡರ್ ನಮಗೆ ಯಾಕೆ ಬೇಕು? ವರ್ಷಕ್ಕೆ ಎರಡು ಪ್ಯಾಕು ಕಟ್ಟೋಕೆ ಒಬ್ಬೊಬ್ಬರೂ ಒಂದೊಂದು ಅಗ್ಗದ ಬೋರ್ಡು ತರಿಸಿ, ಒಬ್ಬೊಬ್ಬರ ಮೆದೆ ಪಕ್ಕ ಒಂದೊಂದು ಪಟಾಕಿ ಇಟ್ಟುಕೊಳ್ಳೋದು ಯಾವ ಲೆಕ್ಕ? ಟಿಲ್ಲರ್ರು ನಾಲ್ಕು ಮನೆಗೆ ಒಂದು ಇಟ್ಟುಕೊಂಡಿಲ್ವಾ? ಇದನ್ನೂ ಹಾಗೇ ಇಟ್ಟುಕೊಳ್ಳೋಣ. ಈಗಾಗಲೇ ಆಟೋ ಟ್ರಿಗರ್ ಬೋರ್ಡು ತಗೊಂಡಿರೋರು ಅದನ್ನ ಎಸೆಯೋದೂ ಬೇಡ. ಕೆಲವು ಬೋರ್ಡಿನಲ್ಲಿ ಆಟೋ ಬಂದ್ ಮಾಡಿ ಪೆಡಲ್‌ಗೆ ಹಾಕೋ ಅವಕಾಶ ಇರುತ್ತೆ, ಇದ್ರೆ ಇವತ್ತೇ ಮಾಡಿ. ಇಲ್ಲದಿದ್ರೆ ಕಾಯೋ ಸಮಯವನ್ನಾದ್ರೂ ಗರಿಷ್ಠಕ್ಕೆ ಏರಿಸಿ, ಅದನ್ನ ತಗೊಂಡು ನಮ್ಮಲ್ಲಿಗೆ ಬನ್ನಿ, ಮಾಸ್ಫೆಟ್ಟು ವೈರು ಅದರದ್ದೇ ಇಟ್ಟುಕೊಂಡು ಮುಂದಿನ ಬೀಗ ನಾವು ಹಾಕಿಕೊಡೋಕೆ ಆಗುತ್ತಾ ನೋಡ್ತೀವಿ ಅಂತ ಹುಡುಗ ಹೇಳಿದ್ದಾನೆ.

ಬರೋ ಭಾನುವಾರ ಮಧ್ಯಾಹ್ನ ಎರಡು ಗಂಟೆ ಮೇಲೆ, ಹುಡುಗನಿಗೆ ಪರೀಕ್ಷೆ ಇಲ್ಲ, ನಮ್ಮ ತೋಟದ ಪಂಪ್‌ಹೌಸ್ ಹತ್ತಿರ ಕೂರ್ತೀವಿ. ಕೊಟ್ಟಿಗೆ ಹತ್ತಿರ ಅಲ್ಲ, ಅಲ್ಲಿಗೆ ಹೋಗಬೇಡಿ. ಸ್ಪ್ರೇಯರ್ ಪ್ಯಾಕು, ಟಾರ್ಚು ಏನಿದ್ರೂ ತನ್ನಿ. ಸೆಲ್ಲುಗಳ ವೋಲ್ಟು ಮೊದಲೇ ಅಳೆದು ಚೀಟಿ ಅಂಟಿಸಿ ತಂದ್ರೆ ಬೇಗ ಆಗುತ್ತೆ. ಊದಿಕೊಂಡಿರೋದು, ಸೋರ್ತಾ ಇರೋದು ತರಬೇಡಿ, ಅದನ್ನ ನಾವು ಮುಟ್ಟಲ್ಲ. ಪಟ್ಟಿ ನಿಮ್ಮದೇ ತನ್ನಿ, ಉಪ್ಪು ನೀರಿನ ಪರೀಕ್ಷೆ ಮಾಡಿದ್ದು.